ಪಾಸ್ ಕೊಡುವವನ ಕಣ್ಣು ರಿಂಗ್ ಮೇಲೂ ಇರಬೇಕು

2005ರ ಮೇ ತಿಂಗಳಿನಿಂದ ಶುರು ಮಾಡುತ್ತೇನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, ಅದರ ಪ್ಲೇಆಫ್‌ನ (ಲೀಗ್ ಹಂತ ಮುಗಿದ ಮೇಲಿನ ನಾಕ್‌ಔಟ್ ಸರಣಿಗಳ) ಎರಡನೇ ಸುತ್ತು. ಒಂದು ಕಡೆ ಫೀನಿಕ್ಸ್ ಸನ್ಸ್, ಇನ್ನೊಂದು ಕಡೆ ಡಲ್ಲಾಸ್ ಮಾವೆರಿಕ್ಸ್. ಸನ್ಸ್ ತಂಡದ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವನು, ಸ್ಟೀವ್ ನ್ಯಾಶ್. ಹಿಂದಿನ ವರ್ಷದವರೆಗೂ ಆತ ಡಲ್ಲಾಸ್‌ ಆಟಗಾರ. ವಯಸ್ಸು 30 ತುಂಬಿತ್ತು. ಫೀನಿಕ್ಸ್ ಕೊಡಲು ಬಂದಷ್ಟು ದುಡ್ಡನ್ನು ಡಲ್ಲಾಸ್ ಕೊಡಲಿಲ್ಲ, ಆತ ಹೊರಟ. ಆತ ಬರುವ ಮುಂಚಿನ ಸೀಸನ್‌ನಲ್ಲಿ ಫೀನಿಕ್ಸ್ ಗೆದ್ದಿದ್ದು 29 ಪಂದ್ಯ. ನ್ಯಾಶ್ ಬಂದ ಮೊದಲ ವರ್ಷವೇ 62 ಗೆದ್ದಿತು. ಆತನಿಗೆ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ, ಸಿಕ್ಕಿತು. ಪಂದ್ಯಕ್ಕೆ ಸರಾಸರಿ 15.5 ಅಂಕ, 11.5 ಅಸಿಸ್ಟ್. ಅಸಿಸ್ಟ್ ಅಂದರೆ ಜೊತೆಯವನು ಅಂಕ ಗಳಿಸುವಂತೆ ಕೊಟ್ಟ ಪಾಸ್.

ಈಗ ಡಲ್ಲಾಸ್‌ನ ಕೋಚ್ ಏವರಿ ಜಾನ್ಸನ್ ಜಾಗದಲ್ಲಿ ನೀವಿದ್ದೀರಿ ಅಂದುಕೊಳ್ಳಿ. ಎದುರಿಗೆ ಲೀಗ್‌ನಲ್ಲೇ ಅತ್ಯುತ್ತಮ ಪಾಸರ್. ಆತ ಕೊಟ್ಟ ಪಾಸ್‌ಗೆ ಅಮರೆ ಸ್ಟೌಡಮೈರ್ ಡಂಕ್ ಮಾಡುತ್ತಾನೆ, ಶಾನ್ ಮೇರಿಯನ್ ಓಡಿ ಬಂದು ಮುಗಿಸುತ್ತಾನೆ, ಮೂಲೆಯಲ್ಲಿ ನಿಂತವರು ಮೂರು ಅಂಕದ ಶಾಟ್ ಹೊಡೆಯುತ್ತಾರೆ. ಏನು ಮಾಡುತ್ತೀರಿ? ಡಲ್ಲಾಸ್ ಮಾಡಿದ್ದು ಇಷ್ಟು: ಉಳಿದ ನಾಲ್ವರನ್ನು ಬಿಡಬೇಡಿ, ನ್ಯಾಶ್‌ಗೆ ಶಾಟ್ ಬೇಕಾದರೆ ಹೊಡೆದುಕೊಳ್ಳಲಿ. ನಾಲ್ಕನೇ ಪಂದ್ಯದಲ್ಲಿ ಆತ ಹೊಡೆದ. 48 ಅಂಕ. ಅಸಿಸ್ಟ್ ಮಾತ್ರ ಐದೇ ಐದು. ಡಲ್ಲಾಸ್ 119–109ರಿಂದ ಗೆದ್ದಿತು. ಸರಣಿ 2–2.

ಇದನ್ನು ನೋಡಿ ಬಹಳ ಜನ ಅಂದಿದ್ದು, ಪಾಯಿಂಟ್ ಗಾರ್ಡ್ ಜಾಸ್ತಿ ಅಂಕ ಗಳಿಸಿದರೆ ತಂಡಕ್ಕೆ ನಷ್ಟ ಅಂತ. ಆದರೆ ಮುಂದಿನ ಎರಡು ಪಂದ್ಯ ನೋಡಿ. ಐದನೆಯದರಲ್ಲಿ ನ್ಯಾಶ್ 34 ಅಂಕ, 13 ರಿಬೌಂಡ್, 12 ಅಸಿಸ್ಟ್. ಆರನೆಯದರಲ್ಲಿ 39 ಅಂಕ, 12 ಅಸಿಸ್ಟ್. ಆ ಪಂದ್ಯದ ಕೊನೆಯ ಕ್ಷಣಗಳಲ್ಲಿ ಮೂರು ಅಂಕದ ಶಾಟ್ ಹೊಡೆದು ಸಮ ಮಾಡಿದ್ದೂ ಆತನೇ. ಓವರ್‌ಟೈಮ್‌ನಲ್ಲಿ ಸನ್ಸ್ 130–126ರಿಂದ ಗೆದ್ದಿತು, ಸರಣಿಯೂ ಅವರದಾಯಿತು. ‘ನೀನೇ ಹೊಡೆ’ ಅಂತ ಬಿಟ್ಟಾಗ ಆತ ಹೊಡೆಯುತ್ತಲೇ ಹೋದ. ಕಡೆಗೆ ಡಲ್ಲಾಸ್ ಡಿಫೆನ್ಸ್ ಆತನ ಹತ್ತಿರ ಬರಲೇಬೇಕಾಯಿತು. ಹತ್ತಿರ ಬಂದ ತಕ್ಷಣ ಪಾಸ್‌ಗಳು ಮತ್ತೆ ತೆರೆದುಕೊಂಡವು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ಒಳ್ಳೆ ಆಫೆನ್ಸ್ ನಡೆಸಲು ಪಾಯಿಂಟ್ ಗಾರ್ಡ್‌ಗೆ ಅಂಕ ಗಳಿಸುವ ಶಕ್ತಿ ಬೇಕಾ? ಪಾಸ್ ಚೆನ್ನಾಗಿದ್ದರೆ ಸಾಲದಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಜಗಳ ಆಡಬಹುದು. ಜಾಸ್ತಿ ಅಂಕ ಗಳಿಸಬೇಕು ಅಂತೇನಿಲ್ಲ. ಆದರೆ ಗಳಿಸಬಲ್ಲ ಅನ್ನುವ ಹೆದರಿಕೆ ಎದುರಾಳಿಗೆ ಇರಲೇಬೇಕು. ಪ್ಲೇಆಫ್ ಬಂದಾಗ ಪ್ರತಿ ಎದುರಾಳಿಯೂ ಪಾಯಿಂಟ್ ಗಾರ್ಡ್‌ಗೆ ಡಲ್ಲಾಸ್ ಕೇಳಿದ ಪ್ರಶ್ನೆಯನ್ನೇ ಕೇಳುತ್ತದೆ. ‘ನೀನೇ ಹೊಡೆ, ನೋಡೋಣ.’ ಅದಕ್ಕೆ ಉತ್ತರ ಇಲ್ಲದವನ ಕೈಯಲ್ಲಿ ಆಫೆನ್ಸ್ ನಿಂತುಹೋಗುತ್ತದೆ.

ಇದು ಯಾಕೆ ಹೀಗೆ ಅಂತ ತಿಳಿಯಲು ಪಿಕ್ ಅಂಡ್ ರೋಲ್ ಒಂದನ್ನು ನಿಧಾನಕ್ಕೆ ನೋಡೋಣ. ಇಲ್ಲಿ ಕೂತಿರುವ ಕೋಚ್‌ಗಳಿಗೆ ಗೊತ್ತಿರುವ ವಿಷಯವೇ, ಪೋಷಕರಿಗಾಗಿ ಹೇಳುತ್ತಿದ್ದೇನೆ. ಗಾರ್ಡ್ ಹತ್ತಿರ ಬಾಲ್ ಇದೆ. ತನ್ನದೇ ತಂಡದ ಎತ್ತರದ ಆಟಗಾರ ಬಂದು ಗಾರ್ಡ್‌ನ ಡಿಫೆಂಡರ್ ಪಕ್ಕ ಗೋಡೆ ಥರ ನಿಲ್ಲುತ್ತಾನೆ. ಅದೇ ಸ್ಕ್ರೀನ್. ಗಾರ್ಡ್ ಆ ಗೋಡೆಯನ್ನು ಉಜ್ಜಿಕೊಂಡೇ ದಾಟುತ್ತಾನೆ. ಈಗ ಡಿಫೆಂಡರ್ ಮುಂದೆ ಎರಡು ದಾರಿ. ಒಂದು, ಗಾರ್ಡ್‌ನ ಬೆನ್ನು ಹತ್ತಿ ಸ್ಕ್ರೀನ್‌ನ ಮೇಲಿನಿಂದ ಬರುವುದು. ಇದಕ್ಕೆ ಓವರ್ ಅನ್ನುತ್ತೇವೆ. ಇನ್ನೊಂದು, ಸ್ಕ್ರೀನ್‌ನ ಹಿಂದಿನಿಂದ, ರಿಂಗ್ ಕಡೆಯಿಂದ ನುಸುಳಿ ಆ ಬದಿಯಲ್ಲಿ ಗಾರ್ಡ್‌ನನ್ನು ಎದುರುಗೊಳ್ಳುವುದು. ಇದು ಅಂಡರ್. ಅಂಡರ್ ಹೋಗುವುದು ಸುಲಭ, ದಾರಿ ಹತ್ತಿರ, ಸುಸ್ತೂ ಕಡಿಮೆ. ಒಂದೇ ತೊಂದರೆ, ಆ ಒಂದು ಕ್ಷಣ ಗಾರ್ಡ್ ಎದುರು ಯಾರೂ ಇರುವುದಿಲ್ಲ.

ಗಾರ್ಡ್‌ಗೆ ಡ್ರಿಬಲ್ ಮಾಡುತ್ತಲೇ ನಿಂತು ಶಾಟ್ ಹೊಡೆಯಲು ಬಂದರೆ ಅಂಡರ್ ಹೋದವನ ಕಥೆ ಮುಗಿಯಿತು. ಹಾಗಾಗಿ ಡಿಫೆಂಡರ್ ಓವರ್ ಬರಬೇಕು. ಓವರ್ ಬಂದ ಅಂದರೆ ಗಾರ್ಡ್‌ನ ಹಿಂದೆ ಬಿದ್ದ ಅಂತ ಅರ್ಥ. ಈಗ ಎದುರು ತಂಡದ ಸೆಂಟರ್, ಅಂದರೆ ರಿಂಗ್ ಹತ್ತಿರ ಕಾಯುವ ಎತ್ತರದವನು, ಒಬ್ಬನೇ ಇಬ್ಬರನ್ನು ನೋಡಿಕೊಳ್ಳಬೇಕು. ಬಾಲ್ ಹಿಡಿದು ಬರುತ್ತಿರುವ ನ್ಯಾಶ್ ಒಬ್ಬ, ರಿಂಗ್ ಕಡೆ ಓಡುತ್ತಿರುವ ಸ್ಟೌಡಮೈರ್ ಇನ್ನೊಬ್ಬ. ನ್ಯಾಶ್‌ನ ಶಾಟ್ ತಡೆಯಲು ಒಂದು ಹೆಜ್ಜೆ ಮೇಲೆ ಬಂದರೆ ಸ್ಟೌಡಮೈರ್ ಒಬ್ಬಂಟಿ. ಅವನನ್ನು ಹಿಡಿಯಲು ಮೂಲೆಯ ಡಿಫೆಂಡರ್ ಒಳಗೆ ಬಂದರೆ ಮೂಲೆಯಲ್ಲಿ ನಿಂತ ಶೂಟರ್ ಒಬ್ಬಂಟಿ. ಜನ ಚಪ್ಪಾಳೆ ಹೊಡೆಯುವುದು ಆ ಕೊನೆಯ ಪಾಸ್‌ಗೆ. ಆ ಪಾಸ್ ಹುಟ್ಟಿದ್ದು ನ್ಯಾಶ್ ಹೊಡೆಯದೇ ಬಿಟ್ಟ ಶಾಟ್‌ನಿಂದ.

ಈಗ ಅದೇ ಜಾಗದಲ್ಲಿ ಶಾಟ್ ಇಲ್ಲದ ಗಾರ್ಡ್ ಇದ್ದಾನೆ ಅನ್ನಿ. ಕಣ್ಣು, ಕೈ, ಬುದ್ಧಿ ಎಲ್ಲವೂ ನ್ಯಾಶ್‌ನಷ್ಟೇ ಚುರುಕು. ಡಿಫೆಂಡರ್ ಆರಾಮಾಗಿ ಅಂಡರ್ ಹೋಗುತ್ತಾನೆ. ಸೆಂಟರ್ ತನ್ನವನನ್ನು ಬಿಡುವುದೇ ಇಲ್ಲ. ಮೂಲೆಯವರು ಅಲುಗಾಡುವುದೇ ಇಲ್ಲ. ಐದು ಜನಕ್ಕೆ ಐದು ಜನ. ಪಾಸ್ ಕೊಡಲು ಜಾಗವೇ ಇಲ್ಲ. ಕಬಡ್ಡಿಯಲ್ಲಿ ಯಾರನ್ನೂ ಮುಟ್ಟಲು ಬಾರದ ರೈಡರ್ ಬಂದರೆ ಎದುರಿನ ಏಳು ಜನ ತಮ್ಮ ಜಾಗ ಬಿಟ್ಟು ಕದಲುತ್ತಾರಾ? ಹಾಗೇ ಇದು.

ಇದಕ್ಕೆ ಸರಿಯಾದ ಉದಾಹರಣೆ ರಾಜನ್ ರಾಂಡೋ. ನನಗೆ ಬಹಳ ಇಷ್ಟದ ಆಟಗಾರ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಬಾಸ್ಟನ್ ಸೆಲ್ಟಿಕ್ಸ್ ಪರ ಆಡಿದ. 2011–12ರಲ್ಲಿ ಪಂದ್ಯಕ್ಕೆ 11.7 ಅಸಿಸ್ಟ್, ಮರುವರ್ಷ 11.1. ಎರಡೂ ವರ್ಷ ಲೀಗ್‌ನಲ್ಲಿ ಮೊದಲ ಸ್ಥಾನ. ಸತತ 37 ಪಂದ್ಯಗಳಲ್ಲಿ ಹತ್ತಕ್ಕೆ ಕಡಿಮೆ ಇಲ್ಲದಂತೆ ಅಸಿಸ್ಟ್ ಕೊಟ್ಟ. ಪಕ್ಕದಲ್ಲಿ ಪಾಲ್ ಪಿಯರ್ಸ್, ಕೆವಿನ್ ಗಾರ್ನೆಟ್ ಥರದವರು. ಇಷ್ಟಿದ್ದೂ ಆ ವರ್ಷಗಳಲ್ಲಿ ಸೆಲ್ಟಿಕ್ಸ್ ಆಫೆನ್ಸ್ ಲೀಗ್‌ನ ಕೆಳಗಿನ ಅರ್ಧದಲ್ಲಿತ್ತು. ಅವರನ್ನು ಗೆಲ್ಲಿಸುತ್ತಿದ್ದದ್ದು ಡಿಫೆನ್ಸ್. 2013ರ ಜನವರಿಯಲ್ಲಿ ರಾಂಡೋ ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು. ಆತ ಇಲ್ಲದೆ ತಂಡ ಸತತ ಏಳು ಪಂದ್ಯ ಗೆದ್ದಿತು. ಅಷ್ಟರಿಂದಲೇ ಆತ ಬೇಡವಾಗಿದ್ದ ಅಂತ ನಾನು ಹೇಳುವುದಿಲ್ಲ, ಏಳು ಪಂದ್ಯ ತೀರಾ ಕಡಿಮೆ. ಆದರೆ ಅಸಿಸ್ಟ್ ಸಂಖ್ಯೆ ನೋಡಿ ಆಫೆನ್ಸ್ ಅಳೆಯಬಾರದು ಅನ್ನುವುದಂತೂ ನಿಜ. ಬಾಲ್ ಸದಾ ಒಬ್ಬನ ಕೈಯಲ್ಲೇ ಇದ್ದರೆ ಅಸಿಸ್ಟ್ ಆತನ ಹೆಸರಿಗೇ ಬರುತ್ತದೆ. ಆ ಶಾಟ್ ಸುಲಭದ್ದಾಗಿತ್ತೋ ಕಷ್ಟದ್ದೋ ಅಂತ ಅಂಕಿ ಹೇಳುವುದಿಲ್ಲ.

ರಾಂಡೋ ವಿರುದ್ಧ ಏನು ಮಾಡಬೇಕು ಅಂತ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಗೊತ್ತಿತ್ತು. 2008 ಮತ್ತು 2010ರ ಫೈನಲ್‌ಗಳಲ್ಲಿ ಕೋಬಿ ಬ್ರಯಂಟ್‌ನನ್ನೇ ಆತನಿಗೆ ಹಾಕಿದರು. ಕೋಬಿ ಎಲ್ಲಿ ನಿಲ್ಲುತ್ತಿದ್ದ ಗೊತ್ತಾ? ರಾಂಡೋನಿಂದ ಹಲವು ಹೆಜ್ಜೆ ದೂರ, ಪೇಂಟ್ ಹತ್ತಿರ, ಅಂದರೆ ರಿಂಗ್ ಮುಂದೆ ಬಣ್ಣ ಬಳಿದ ಜಾಗದ ಹತ್ತಿರ. ಬಾಲ್ ಹಿಡಿದವನನ್ನು ಬಿಟ್ಟು ಒಳಗಿನ ಜಾಗ ಕಾಯುತ್ತಿದ್ದ. ಪಿಯರ್ಸ್ ಒಳಗೆ ನುಗ್ಗಿದರೆ ಅಲ್ಲಿ ಎರಡನೆಯ ಡಿಫೆಂಡರ್ ಆಗಿ ಕೋಬಿ ಇರುತ್ತಿದ್ದ. 2008ರಲ್ಲಿ ಬಾಸ್ಟನ್ ಗೆದ್ದಿತು, ಯಾಕೆಂದರೆ ಪಿಯರ್ಸ್, ಗಾರ್ನೆಟ್, ರೇ ಅಲೆನ್ ಮೂವರೂ ತಾವೇ ಶಾಟ್ ಹುಟ್ಟಿಸಬಲ್ಲವರಾಗಿದ್ದರು. 2010ರಲ್ಲಿ ಏಳನೇ ಪಂದ್ಯದವರೆಗೂ ಎಳೆದು ಸೋತಿತು.

ರಾಂಡೋ ಪರವಾಗಿಯೂ ಒಂದು ಮಾತು ಹೇಳಬೇಕು. 2012ರಲ್ಲಿ ಮಯಾಮಿ ವಿರುದ್ಧ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಎರಡನೇ ಪಂದ್ಯ. ಮಯಾಮಿ ಆತನಿಗೆ ಜಾಗ ಬಿಟ್ಟಿತು. ಆ ರಾತ್ರಿ ಆತ 24 ಶಾಟ್‌ನಲ್ಲಿ 16 ಹಾಕಿದ. 44 ಅಂಕ, 10 ಅಸಿಸ್ಟ್, 53 ನಿಮಿಷ ಒಂದು ಕ್ಷಣವೂ ಬೆಂಚಿಗೆ ಹೋಗದೆ. ಬಾಸ್ಟನ್ ಓವರ್‌ಟೈಮ್‌ನಲ್ಲಿ ಸೋತರೂ ನಾನು ನೋಡಿದ ಅತ್ಯಂತ ಚೆಂದದ ಆಟಗಳಲ್ಲಿ ಅದೂ ಒಂದು. ಆದರೆ ಎದುರಾಳಿ ಮುಂದಿನ ಪಂದ್ಯದಲ್ಲೂ ಜಾಗ ಬಿಟ್ಟೇ ಬಿಡುತ್ತದೆ. ಒಂದು ರಾತ್ರಿ ಬಿದ್ದ ಶಾಟ್‌ಗೆ ಯಾರೂ ಹೆದರುವುದಿಲ್ಲ. ವರ್ಷವಿಡೀ ಬೀಳುವ ಶಾಟ್‌ಗೆ ಹೆದರುತ್ತಾರೆ.

ಇನ್ನೊಂದು ಉದಾಹರಣೆ ನಿಮಗೆ ನೆನಪಿರಬಹುದು. 2021ರ ಜೂನ್ 20. ಫಿಲಡೆಲ್ಫಿಯಾ ಮತ್ತು ಅಟ್ಲಾಂಟಾ, ಏಳನೇ ಪಂದ್ಯ. ಇಲ್ಲಿ ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ನೋಡಿದವರು ಇರುತ್ತೀರಿ. ಮೂರೂವರೆ ನಿಮಿಷ ಬಾಕಿ, ಫಿಲಡೆಲ್ಫಿಯಾ ಎರಡು ಅಂಕ ಹಿಂದೆ. ಫಿಲಡೆಲ್ಫಿಯಾದ ಗಾರ್ಡ್ ಬೆನ್ ಸಿಮ್ಮನ್ಸ್ ತಿರುಗಿ ರಿಂಗ್ ಕೆಳಗೆ ಬಂದ. ಆತ ಆರಡಿ ಹತ್ತು ಇಂಚು ಎತ್ತರದವನು. ಹತ್ತಿರ ಇದ್ದದ್ದು ಅಟ್ಲಾಂಟಾದ ಟ್ರೇ ಯಂಗ್, ಲೀಗ್‌ನ ಕುಳ್ಳ ಆಟಗಾರರಲ್ಲಿ ಒಬ್ಬ. ಎದ್ದು ಡಂಕ್ ಮಾಡಿದ್ದರೆ ಪಂದ್ಯ ಸಮ. ಸಿಮ್ಮನ್ಸ್ ಬಾಲನ್ನು ತನ್ನದೇ ತಂಡದ ಮ್ಯಾಟಿಸ್ ಥೈಬುಲ್‌ಗೆ ಪಾಸ್ ಮಾಡಿದ. ಥೈಬುಲ್‌ಗೆ ಫೌಲ್ ಆಯಿತು. ಎರಡು ಫ್ರೀ ಥ್ರೋನಲ್ಲಿ ಒಂದು ಬಿತ್ತು. ಫಿಲಡೆಲ್ಫಿಯಾ 103–96ರಿಂದ ಸೋತು ಮನೆಗೆ ಹೋಯಿತು.

ಆ ಪಂದ್ಯದಲ್ಲಿ ಸಿಮ್ಮನ್ಸ್ ಕೊಟ್ಟ ಅಸಿಸ್ಟ್ ಎಷ್ಟು? 13. ಹೊಡೆದ ಶಾಟ್? ನಾಲ್ಕು. ಗಳಿಸಿದ ಅಂಕ ಐದು. ಅಸಿಸ್ಟ್ ಪಟ್ಟಿ ಮಾತ್ರ ನೋಡಿದವರಿಗೆ ಅದು ಒಳ್ಳೆ ಆಟ. ಆತ ಯಾಕೆ ಡಂಕ್ ಮಾಡಲಿಲ್ಲ ಅಂತ ಎಲ್ಲರೂ ಕೇಳಿದರು, ಬಹಳ ಜನ ಬೈದರು. ನನಗೆ ಬೈಯಲು ಮನಸ್ಸು ಬರುವುದಿಲ್ಲ. ಆ ವರ್ಷದ ಪ್ಲೇಆಫ್‌ನಲ್ಲಿ ಆತ ಹೊಡೆದ 73 ಫ್ರೀ ಥ್ರೋಗಳಲ್ಲಿ ಬಿದ್ದದ್ದು 25. ಡಂಕ್‌ಗೆ ಎದ್ದರೆ ಫೌಲ್ ಆಗಬಹುದು. ಫೌಲ್ ಆದರೆ ಇಡೀ ಸ್ಟೇಡಿಯಂ ಎದುರು ಒಬ್ಬನೇ ಲೈನ್ ಮೇಲೆ ನಿಲ್ಲಬೇಕು. ಹೆದರಿಕೆ ಎದುರಾಳಿಗೆ ಇರಬೇಕಾದ ಕಡೆ ಆಟಗಾರನ ಒಳಗೇ ಸೇರಿಕೊಂಡಿತ್ತು ಅನ್ನಿಸುತ್ತದೆ ನನಗೆ.

ಅದಕ್ಕೇ ಸ್ಕೋರಿಂಗ್ ಅಂದಾಗ ನಾನು ಫ್ರೀ ಥ್ರೋವನ್ನೂ ಸೇರಿಸುತ್ತೇನೆ. ನಮ್ಮಲ್ಲಿ ಫ್ರೀ ಥ್ರೋ ಅಭ್ಯಾಸ ಅಂದರೆ ಪ್ರಾಕ್ಟೀಸ್ ಮುಗಿದ ಮೇಲೆ ಸುಮ್ನೆ ಹತ್ತು ಎಸೆದು ಹೋಗುವುದು. ನ್ಯಾಶ್‌ನ ವೃತ್ತಿಜೀವನದ ಸರಾಸರಿ ಶೇ 90ಕ್ಕಿಂತ ಜಾಸ್ತಿ. ಅಂಥವನನ್ನು ಮುಟ್ಟಲು ಡಿಫೆಂಡರ್ ಹಿಂಜರಿಯುತ್ತಾನೆ. ಆ ಹಿಂಜರಿಕೆಯಲ್ಲೇ ಪೇಂಟ್ ಒಳಗೆ ಇನ್ನೊಂದು ಹೆಜ್ಜೆ ಸಿಗುತ್ತದೆ.

ಈಗ ನನ್ನ ವಾದಕ್ಕೆ ತೊಂದರೆ ಕೊಡುವ ಒಂದು ಹೆಸರು ಹೇಳುತ್ತೇನೆ. ಮಾರ್ಕ್ ಜಾಕ್ಸನ್. 1999–2000ದ ಇಂಡಿಯಾನಾ ಪೇಸರ್ಸ್ ಗಾರ್ಡ್. ಪಂದ್ಯಕ್ಕೆ 8.1 ಅಂಕ, 8 ಅಸಿಸ್ಟ್. ಓಟ ಇಲ್ಲ, ಜಿಗಿತ ಇಲ್ಲ, ದೂರದಿಂದ ಡ್ರಿಬಲ್ ಮಾಡಿ ಹೊಡೆಯುವ ಶಾಟ್ ಇಲ್ಲ. ಆದರೂ ಆ ತಂಡದ ಆಫೆನ್ಸ್ ಲೀಗ್‌ನ ಅತ್ಯುತ್ತಮಗಳಲ್ಲಿ ಒಂದು. 2000ದ ಫೈನಲ್‌ವರೆಗೂ ಹೋಯಿತು. ಅಳೆದದ್ದು ಹೇಗೆ ಅಂತ ಕೇಳುವವರಿಗೆ, 100 ಸಲ ಬಾಲ್ ಸಿಕ್ಕಾಗ ಎಷ್ಟು ಅಂಕ ಬಂತು ಅನ್ನುವ ಲೆಕ್ಕ. ಪಂದ್ಯಕ್ಕೆ ಎಷ್ಟು ಅಂಕ ಅಂತ ನೋಡಿದರೆ ಬೇಗ ಬೇಗ ಓಡುವ ತಂಡ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ.

ಜಾಕ್ಸನ್ ಮಾಡುತ್ತಿದ್ದದ್ದು ಏನು? ತನಗಿಂತ ಚಿಕ್ಕ ಗಾತ್ರದ ಗಾರ್ಡ್‌ಗೆ ಬೆನ್ನು ಕೊಟ್ಟು, ತಳ್ಳಿಕೊಂಡು ತಳ್ಳಿಕೊಂಡು ರಿಂಗ್ ಹತ್ತಿರ ಹೋಗುತ್ತಿದ್ದ. ನಿಧಾನಕ್ಕೆ, ಅದಕ್ಕೂ ಮುಂಚಿನ ವರ್ಷಗಳಲ್ಲಂತೂ ಹತ್ತು ಸೆಕೆಂಡ್, ಹದಿನೈದು ಸೆಕೆಂಡ್. ಅಲ್ಲಿಂದ ಹೊಡೆದರೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಇನ್ನೊಬ್ಬ ಡಿಫೆಂಡರ್ ಸಹಾಯಕ್ಕೆ ಬರಲೇಬೇಕು. ಅಷ್ಟರಲ್ಲಿ ಸ್ಕ್ರೀನ್ ದಾಟಿ ರೆಜ್ಜಿ ಮಿಲ್ಲರ್ ಹೊರಗೆ ಬಂದಿರುತ್ತಿದ್ದ. ಈ ಆಟ ಎಷ್ಟು ಹೊತ್ತು ನಡೆಯುತ್ತಿತ್ತು ಅಂದರೆ ಎನ್‌ಬಿಎ ನಿಯಮವನ್ನೇ ಬದಲಿಸಿತು. ಫ್ರೀ ಥ್ರೋ ಲೈನ್‌ನ ಕೆಳಗೆ ಬೆನ್ನು ಕೊಟ್ಟು ಐದು ಸೆಕೆಂಡ್‌ಗಿಂತ ಜಾಸ್ತಿ ಡ್ರಿಬಲ್ ಮಾಡುವಂತಿಲ್ಲ. 1999–2000ದಿಂದಲೇ ಇದು ಜಾರಿ. ಮಾರ್ಕ್ ಜಾಕ್ಸನ್ ರೂಲ್ ಅಂತಲೇ ಜನ ಕರೆದರು. ಅಂದರೆ ಎಂಟು ಅಂಕದ ಗಾರ್ಡ್‌ಗೂ ಒಂದು ಜಾಗ ಇತ್ತು, ಆ ಜಾಗದಲ್ಲಿ ಆತನನ್ನು ಒಬ್ಬಂಟಿ ಬಿಡಲು ಆಗುತ್ತಿರಲಿಲ್ಲ. ಅದರ ಜೊತೆ ಸುತ್ತ ಮಿಲ್ಲರ್, ಜೇಲೆನ್ ರೋಸ್, ರಿಕ್ ಸ್ಮಿಟ್ಸ್ ಥರದ ಶಾಟ್ ಹಾಕುವವರಿದ್ದರು. ಪೂರ್ತಿ ಜಾಕ್ಸನ್‌ನಿಂದಲೇ ಆ ಆಫೆನ್ಸ್ ನಡೆಯಿತು ಅಂದರೆ ಮಿಲ್ಲರ್‌ಗೆ ಅನ್ಯಾಯ ಆಗುತ್ತದೆ. ಆದರೂ ಈ ಉದಾಹರಣೆ ನನ್ನ ಮಾತಿಗೆ ಪೂರ್ತಿ ಒಗ್ಗುವುದಿಲ್ಲ ಅಂತ ಒಪ್ಪುತ್ತೇನೆ.

ಜಾನ್ ಸ್ಟಾಕ್ಟನ್ ಕಥೆ ಬೇರೆ. ವೃತ್ತಿಜೀವನದಲ್ಲಿ 15,806 ಅಸಿಸ್ಟ್, ಇವತ್ತಿಗೂ ಯಾರೂ ಹತ್ತಿರ ಬಂದಿಲ್ಲ. ಸರಾಸರಿ ಅಂಕ 13.1 ಅಷ್ಟೇ. ಪಾಸ್ ಸಾಕು ಅನ್ನುವವರು ಮೊದಲು ತೆಗೆಯುವುದೇ ಈ ಹೆಸರು. ಆದರೆ ಆತ ಹೊಡೆದ ಶಾಟ್‌ಗಳಲ್ಲಿ ಬಿದ್ದದ್ದು ಶೇ 51.5. ಆರಡಿ ಒಂದು ಇಂಚಿನ ಗಾರ್ಡ್‌ಗೆ ಅದು ಅಸಾಮಾನ್ಯ. ಕಾರ್ಲ್ ಮಲೋನ್ ಜೊತೆ ಪಿಕ್ ಅಂಡ್ ರೋಲ್ ಆಡುವಾಗ ಅಂಡರ್ ಹೋದರೆ ಸ್ಟಾಕ್ಟನ್ ಹೊಡೆಯುತ್ತಿದ್ದ. ಹಾಗಾಗಿ ಅಂಡರ್ ಹೋಗುವ ಧೈರ್ಯ ಕಡಿಮೆ ಜನಕ್ಕಿತ್ತು. 1997ರಲ್ಲಿ ಹ್ಯೂಸ್ಟನ್ ವಿರುದ್ಧ ಕೊನೆಯ ಕ್ಷಣದ ಶಾಟ್ ಹಾಕಿ ಯೂಟಾ ಜಾಝ್‌ನ್ನು ಮೊದಲ ಸಲ ಫೈನಲ್‌ಗೆ ಕರೆದುಕೊಂಡು ಹೋದದ್ದೂ ಆತನೇ.

ಜೇಸನ್ ಕಿಡ್ ಬಗ್ಗೆ ಚುಟುಕಾಗಿ. 2001–02ರಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ಬಂದ, 26 ಗೆಲುವಿನ ತಂಡ 52 ಗೆದ್ದು ಫೈನಲ್ ತಲುಪಿತು. ಆತ ಮಹಾನ್ ಆಟಗಾರ, ಅನುಮಾನವೇ ಇಲ್ಲ. ಆದರೆ ಶಾಟ್ ಬಿದ್ದದ್ದು ಶೇ 39.1. ಆ ತಂಡದ ಹೆಗ್ಗಳಿಕೆ ಇದ್ದದ್ದು ಡಿಫೆನ್ಸ್‌ನಲ್ಲಿ, ಅದು ಲೀಗ್‌ನಲ್ಲೇ ಮೊದಲು. ಆಫೆನ್ಸ್ ಮಧ್ಯದಲ್ಲೆಲ್ಲೋ ಇತ್ತು. ಫೈನಲ್‌ನಲ್ಲಿ ಲೇಕರ್ಸ್ 4–0. 2011ರಲ್ಲಿ ಡಲ್ಲಾಸ್ ಪರ ಕಿಡ್ ಚಾಂಪಿಯನ್ ಆದಾಗ ಆತನ ಕೆಲಸ ಬದಲಾಗಿತ್ತು. ಅಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಡರ್ಕ್ ನೊವಿಟ್ಸ್ಕಿಗೆ. ಕಿಡ್ ಅಷ್ಟು ಹೊತ್ತಿಗೆ ನಿಂತು ಮೂರು ಅಂಕ ಹೊಡೆಯುವುದನ್ನು ಚೆನ್ನಾಗಿ ಕಲಿತಿದ್ದ.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಲೇಕರ್ಸ್ ಗಾರ್ಡ್ ಮ್ಯಾಜಿಕ್ ಜಾನ್ಸನ್. 1985–86ರಲ್ಲಿ ಪಂದ್ಯಕ್ಕೆ 18.8 ಅಂಕ, 12.6 ಅಸಿಸ್ಟ್. ತಂಡದ ಮುಖ್ಯ ಸ್ಕೋರರ್ ಕರೀಮ್ ಅಬ್ದುಲ್ ಜಬ್ಬಾರ್‌ಗೆ ಆಗ ವಯಸ್ಸು 40 ಹತ್ತಿರ ಬರುತ್ತಿತ್ತು. ಇನ್ನು ಮುಂದೆ ನೀನೇ ಜಾಸ್ತಿ ಹೊಡೆಯಬೇಕು ಅಂತ ಕೋಚ್ ಪ್ಯಾಟ್ ರೈಲಿ ಮ್ಯಾಜಿಕ್‌ಗೆ ಹೇಳಿದ. 1986–87ರಲ್ಲಿ ಆತ 23.9 ಅಂಕ ಗಳಿಸಿದ. ಅಸಿಸ್ಟ್ ಎಷ್ಟಕ್ಕೆ ಇಳಿಯಿತು? 12.2ಕ್ಕೆ. ಅಂದರೆ ಇಳಿಯಲೇ ಇಲ್ಲ ಅನ್ನಬಹುದು. ಐದು ಅಂಕ ಜಾಸ್ತಿ, ಪಾಸ್ ಹಾಗೇ. ಲೇಕರ್ಸ್ 65 ಪಂದ್ಯ ಗೆದ್ದಿತು, ಆಫೆನ್ಸ್ ಲೀಗ್‌ನಲ್ಲೇ ಅತ್ಯುತ್ತಮ, ಮ್ಯಾಜಿಕ್‌ಗೆ ಮೊದಲ ಎಂವಿಪಿ, ಟ್ರೋಫಿಯೂ ಅವರದೇ. ಫೈನಲ್‌ನ ನಾಲ್ಕನೇ ಪಂದ್ಯ ಬಾಸ್ಟನ್ ಗಾರ್ಡನ್‌ನಲ್ಲಿ. ಕೊನೆಯ ಎರಡು ಸೆಕೆಂಡ್ ಉಳಿದಿರುವಾಗ ಪೇಂಟ್ ಅಡ್ಡಲಾಗಿ ಬಂದು, ಉದ್ದ ಕೈಗಳ ಮೇಲಿನಿಂದ ಒಂದು ಚಿಕ್ಕ ಹುಕ್ ಶಾಟ್ ಹಾಕಿದ. 107–106. ಅಂಕ ಗಳಿಸಲು ಶುರು ಮಾಡಿದರೆ ಪಾಸ್ ಕಡಿಮೆ ಆಗುತ್ತದೆ ಅಂತ ಹೇಳುವವರಿಗೆ ನಾನು ಯಾವಾಗಲೂ ಈ ವರ್ಷ ತೋರಿಸುತ್ತೇನೆ.

ಹಾಗಂತ ಅಂಕ ಜಾಸ್ತಿ ಆದಷ್ಟೂ ಆಫೆನ್ಸ್ ಚೆನ್ನಾಗುತ್ತಾ? ಇಲ್ಲ. 2016–17 ನೋಡಿ. ರಸೆಲ್ ವೆಸ್ಟ್‌ಬ್ರೂಕ್ ಓಕ್ಲಹೋಮಾ ಸಿಟಿಯಲ್ಲಿ 31.6 ಅಂಕ, 10.4 ಅಸಿಸ್ಟ್. ಜೇಮ್ಸ್ ಹಾರ್ಡನ್ ಹ್ಯೂಸ್ಟನ್‌ನಲ್ಲಿ 29.1 ಅಂಕ, 11.2 ಅಸಿಸ್ಟ್. ಹಾರ್ಡನ್‌ನನ್ನು ಪಾಯಿಂಟ್ ಗಾರ್ಡ್ ಮಾಡಿದ್ದು ಮೈಕ್ ಡಾಂಟೋನಿ, ಫೀನಿಕ್ಸ್‌ನಲ್ಲಿ ನ್ಯಾಶ್‌ನ ಕೋಚ್ ಆಗಿದ್ದವನೇ. ಅಂಕಿಗಳು ಹೆಚ್ಚು ಕಡಿಮೆ ಒಂದೇ ಥರ. ಆದರೆ ಹ್ಯೂಸ್ಟನ್ ಆಫೆನ್ಸ್ ಲೀಗ್‌ನ ತುದಿಯಲ್ಲಿ, ಓಕ್ಲಹೋಮಾದ್ದು ಮಧ್ಯದಲ್ಲಿ. ಹಾರ್ಡನ್ ಸುತ್ತ ಮೂರು ಅಂಕದ ಶೂಟರ್‌ಗಳಿದ್ದರು, ವೆಸ್ಟ್‌ಬ್ರೂಕ್ ಸುತ್ತ ಇರಲಿಲ್ಲ. ಇನ್ನೊಂದು ಕಾರಣ ವೆಸ್ಟ್‌ಬ್ರೂಕ್‌ನ ದೂರದ ಶಾಟ್. ಹೊಡೆಯುತ್ತಿದ್ದ, ಆದರೆ ಎದುರಾಳಿಗೆ ಅದು ಬೇಕಾಗಿಯೇ ಇತ್ತು. ಇಬ್ಬರೂ ಮೊದಲ ಸುತ್ತಿನಲ್ಲೇ ಎದುರಾದರು. ಎರಡನೇ ಪಂದ್ಯದಲ್ಲಿ ವೆಸ್ಟ್‌ಬ್ರೂಕ್ 51 ಅಂಕ ಗಳಿಸಿದ, ಅದಕ್ಕೆ 43 ಶಾಟ್ ಬೇಕಾಯಿತು, ಬಿದ್ದದ್ದು 17. ತಂಡ ಸೋತಿತು. ಸರಣಿ ಹ್ಯೂಸ್ಟನ್‌ಗೆ 4–1. ಆ ಮನುಷ್ಯನ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಡಿಫೆನ್ಸ್‌ಗೆ ಯಾವ ಶಾಟ್ ಬೇಡವೋ ಅದನ್ನು ಹೊಡೆಯುವ ಶಕ್ತಿಯ ಬಗ್ಗೆ ನಾನು ಮಾತಾಡುತ್ತಿರುವುದು.

ಸ್ಟೆಫೆನ್ ಕರಿ ಬಂದ ಮೇಲೆ ಈ ವಿಷಯ ಕಣ್ಣಿಗೆ ಕಾಣುವಂತಾಯಿತು. 2015–16, ಗೋಲ್ಡನ್ ಸ್ಟೇಟ್ 73 ಗೆಲುವು, ಕರಿ 30.1 ಅಂಕ, 402 ಮೂರು ಅಂಕದ ಶಾಟ್. ಆ ತಂಡದಲ್ಲಿ ಸರಾಸರಿ ಅಸಿಸ್ಟ್ ಯಾರದ್ದು ಜಾಸ್ತಿ? ಕರಿಯದ್ದಲ್ಲ. ಡ್ರೇಮಂಡ್ ಗ್ರೀನ್‌ನದ್ದು, 7.4. ಕರಿಯದ್ದು 6.7. ನಡೆಯುತ್ತಿದ್ದದ್ದು ಹೀಗೆ. ಸ್ಕ್ರೀನ್ ಹಾಕಲು ಗ್ರೀನ್ ಬರುತ್ತಾನೆ. ಕರಿಯ ಶಾಟ್‌ಗೆ ಹೆದರಿ ಇಬ್ಬರು ಡಿಫೆಂಡರ್‌ಗಳು ರಿಂಗ್‌ನಿಂದ ಮೂವತ್ತು ಅಡಿ ದೂರದಲ್ಲೇ ಆತನ ಮೇಲೆ ಬೀಳುತ್ತಾರೆ. ಕರಿ ಬಾಲನ್ನು ಗ್ರೀನ್‌ಗೆ ಕೊಡುತ್ತಾನೆ. ಈಗ ಗ್ರೀನ್ ಸೇರಿ ನಾಲ್ವರು, ಎದುರಿಗೆ ಉಳಿದ ಡಿಫೆಂಡರ್‌ಗಳು ಮೂವರೇ. ಗ್ರೀನ್ ದೊಡ್ಡ ಸ್ಕೋರರ್ ಅಲ್ಲ, ಆದರೂ ಅಲ್ಲಿ ಆತ ಅದ್ಭುತ ಪಾಸರ್. ಶಾಟ್ ಇಲ್ಲದ ಪಾಸರ್‌ಗೆ ಜಾಗ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಆ ಜಾಗ ಎರಡನೆಯ ಪಾಸ್‌ನಲ್ಲಿ. ಮೊದಲ ಬಿರುಕು ಬಿಡಿಸುವವನಿಗೆ ಶಾಟ್ ಬೇಕೇ ಬೇಕು. ಅವನು ಗಾರ್ಡೇ ಆಗಬೇಕಿಲ್ಲ. ಶಿಕಾಗೋ ಬುಲ್ಸ್‌ನಲ್ಲಿ ಗಾರ್ಡ್ ರಾನ್ ಹಾರ್ಪರ್, ಬಿರುಕು ಬಿಡಿಸಿದ್ದು ಮೈಕೆಲ್ ಜೋರ್ಡನ್. ಡೆನ್ವರ್‌ನಲ್ಲಿ ಆ ಕೆಲಸ ಸೆಂಟರ್ ನಿಕೋಲಾ ಯೋಕಿಚ್‌ನದ್ದು.

ತೀರಾ ಈಚಿನದು ಇಂಡಿಯಾನಾ ಗಾರ್ಡ್ ಟೈರೀಸ್ ಹ್ಯಾಲಿಬರ್ಟನ್. 2024–25ರಲ್ಲಿ ಪಂದ್ಯಕ್ಕೆ 18.6 ಅಂಕ, 9.2 ಅಸಿಸ್ಟ್. ಶಾಟ್ ಹೊಡೆಯಲು ಆತುರವೇ ಇಲ್ಲದ ಹುಡುಗ. ಆದರೆ ಆ ಪ್ಲೇಆಫ್‌ನಲ್ಲಿ ಮಿಲ್ವಾಕಿ, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್, ಓಕ್ಲಹೋಮಾ ಸಿಟಿ, ನಾಲ್ಕು ಸರಣಿಗಳಲ್ಲೂ ಕೊನೆಯ ಸೆಕೆಂಡ್‌ಗಳಲ್ಲಿ ಆತನ ಶಾಟ್ ಬಿತ್ತು. ಫೈನಲ್‌ನ ಮೊದಲ ಪಂದ್ಯದಲ್ಲಿ 0.3 ಸೆಕೆಂಡ್ ಬಾಕಿ ಇರುವಾಗ ಹಾಕಿ 111–110ರಿಂದ ಗೆಲ್ಲಿಸಿದ. ನಮ್ಮಲ್ಲಿ ಆಗ ಬೆಳಿಗ್ಗೆ ಎಂಟೂವರೆ ಹೊತ್ತು, ಎಷ್ಟೋ ಜನ ಕೆಲಸಕ್ಕೆ ಹೋಗುತ್ತಾ ಫೋನಿನಲ್ಲಿ ನೋಡಿದ್ದೀರಿ. ಐದನೇ ಪಂದ್ಯದಲ್ಲಿ ಮೀನಖಂಡದ ನೋವಿನಿಂದ ಆರು ಶಾಟ್‌ನಲ್ಲಿ ಒಂದೂ ಬೀಳಲಿಲ್ಲ. ಇಂಡಿಯಾನಾ 120–109ರಿಂದ ಸೋತಿತು.

ಮೂರನೇ ಸಾಲಿನಿಂದ ಒಬ್ಬ ಕೋಚ್ ಕೇಳುತ್ತಿದ್ದಾರೆ: ಇದೆಲ್ಲ ಎನ್‌ಬಿಎ ಮಾತು, ನಮ್ಮ ಹನ್ನೆರಡು ವರ್ಷದ ಮಕ್ಕಳಿಗೆ ಏನು ಮಾಡೋಣ? ಒಳ್ಳೆ ಪ್ರಶ್ನೆ. ಇವತ್ತು ಬಂದದ್ದೇ ಇದಕ್ಕಾಗಿ ಅನ್ನಿ. ನಮ್ಮಲ್ಲಿ ಗಾರ್ಡ್ ಆಯ್ಕೆ ಹೇಗೆ ನಡೆಯುತ್ತದೆ? ಸಾಲಿನಲ್ಲಿ ಎಲ್ಲರಿಗಿಂತ ಕುಳ್ಳ ಇರುವ ಮಗು ಗಾರ್ಡ್. ಆಮೇಲೆ ಆ ಮಗುವಿಗೆ ಹೇಳುವುದು, ‘ನೀನು ಬಾಲ್ ತಂದು ಉದ್ದದವನಿಗೆ ಕೊಡು, ಶಾಟ್ ನಿನ್ನ ಕೆಲಸ ಅಲ್ಲ.’ ಶಾಲಾ ಮಟ್ಟದಲ್ಲಿ ಇದು ನಡೆಯುತ್ತದೆ. ಪ್ರೆಸ್ ಹಾಕಿ (ಎದುರಾಳಿಯ ಮೇಲೆ ಬಿದ್ದು ಒತ್ತಡ ಹಾಕಿ) ಬಾಲ್ ಕಿತ್ತುಕೊಂಡು, ಓಡಿ ಬಂದು ರಿಂಗ್ ಹತ್ತಿರದಿಂದ ಲೇ-ಅಪ್ ಹಾಕಿದರೆ ಪಂದ್ಯ ಗೆಲ್ಲಬಹುದು. ಹದಿನೇಳು, ಹದಿನೆಂಟಕ್ಕೆ ಬರುವ ಹೊತ್ತಿಗೆ ಎದುರಾಳಿ ಅಂಡರ್ ಹೋಗಲು ಕಲಿತಿರುತ್ತಾನೆ. ಆಗ ಆ ಹುಡುಗಿಗೋ ಹುಡುಗನಿಗೋ ಶಾಟ್ ಕಲಿಸಲು ತಡವಾಗಿರುತ್ತದೆ, ಹೊಡೆಯುವ ಧೈರ್ಯವೂ ಹೋಗಿರುತ್ತದೆ. ಇದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಎರಡೂ ಕೈಯಲ್ಲಿ ಲೇ-ಅಪ್ ಮೊದಲು ಬರಲಿ. ಆಮೇಲೆ ಫ್ಲೋಟರ್, ಉದ್ದದವರ ಕೈಗೆ ಸಿಗದಂತೆ ಮೇಲಕ್ಕೆ ಎತ್ತಿ ಬಿಡುವ ಶಾಟ್. ಫ್ರೀ ಥ್ರೋವನ್ನು ಪ್ರಾಕ್ಟೀಸ್ ಕೊನೆಗೆ ಇಡಬೇಡಿ, ಮಧ್ಯದಲ್ಲಿ, ಏದುಸಿರು ಬಿಡುತ್ತಿರುವಾಗ ಎರಡೆರಡು ಹಾಕಿಸಿ. ಆಟದಲ್ಲೂ ಹಾಗೇ ಬರುವುದು ಅಲ್ವಾ. ಹದಿನಾಲ್ಕರ ಹೊತ್ತಿಗೆ ಪುಲ್-ಅಪ್, ಅಂದರೆ ಡ್ರಿಬಲ್ ಮಾಡುತ್ತಲೇ ನಿಂತು ಹೊಡೆಯುವ ಶಾಟ್, ಶುರು ಮಾಡಿ. ಸ್ಕ್ರೀನ್ ಹಾಕಿ, ಡಿಫೆಂಡರ್‌ಗೆ ಗುಟ್ಟಾಗಿ ಹೇಳಿ, ಹತ್ತು ಸಲವೂ ಅಂಡರ್ ಹೋಗು ಅಂತ. ಗಾರ್ಡ್‌ಗೆ ಏನೂ ಹೇಳಬೇಡಿ. ಮೊದಲ ಕೆಲವು ಸಲ ಆ ಮಗು ಪಾಸ್ ಹುಡುಕುತ್ತಾ ನಿಲ್ಲುತ್ತದೆ. ಆಮೇಲೆ ಒಂದು ಸಲ ರಿಂಗ್ ಕಡೆ ನೋಡುತ್ತದೆ, ಹೊಡೆಯುತ್ತದೆ. ಬೀಳದಿದ್ದರೂ ಪರವಾಗಿಲ್ಲ, ಬೈಯಬೇಡಿ, ಪಕ್ಕದಿಂದ ಕೂಗಿ ಹೇಳಲೂ ಬೇಡಿ. ಮುಂದಿನ ವಾರ ಡಿಫೆಂಡರ್‌ಗೆ ಹೇಳಿ, ಐದು ಸಲ ಅಂಡರ್ ಹೋಗು, ಐದು ಸಲ ಓವರ್ ಬಾ, ಯಾವಾಗ ಯಾವುದು ಅಂತ ನಿನ್ನಿಷ್ಟ. ಅಲ್ಲಿಂದ ಆ ಮಗು ತಾನೇ ಡಿಫೆನ್ಸ್ ಓದಲು ಕಲಿಯುತ್ತದೆ.